ಅನ್ನ ಮುಟ್ಟದ ಒಂದು ತಿಂಗಳು

"ಇವತ್ತಿಂದ ರಾತ್ರಿ ಒಂದ್ ಅಗುಳ್ ಅನ್ನ ಮುಟ್ರೆ ನಾನ್ ಗಣಪಯ್ಯನೇ ಅಲ್ಲ!"

2006ರ ಏಪ್ರಿಲ್ ತಿಂಗಳಲ್ಲಿ ಸಾಲಿಗ್ರಾಮದ ನಮ್ಮ ಮನೆಯ ಚಾವಡಿಯಲ್ಲಿ ನಿಂತು ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಭೀಷ್ಮ ಕೇಳಿದ್ದರೆ ಎದ್ದು ನಿಂತು ಜಾಗ ಬಿಡುತ್ತಿದ್ದ.

ಕಾರಣ ಸಕ್ಕರೆ ಕಾಯಿಲೆ. ಕುಂದಾಪುರದ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ ಹೇಳಿದ್ದರು: "ಇನ್ಸುಲಿನ್ ಮಾಡುವ ಗ್ರಂಥಿ ಹೊಟ್ಟೆಯೊಳಗೆ ಒಂದೇ ಇರೋದು. ನೀವು ನಿಮ್ಮ ಪಾತ್ರೆ ಅಂಗಡಿಯಲ್ಲಿ ಕೂತು ತಿಂತೀರಿ, ಅದು ದುಡಿದು ದುಡಿದು ಸೋತಿದೆ. ಬಾಯಿ ಕಟ್ಟಿ, ಮೈ ಬಗ್ಗಿಸಿ. ತಿಂಗಳಲ್ಲಿ ಸಕ್ಕರೆ ಇಳಿಯದಿದ್ರೆ ದಿನಾ ಹೊಟ್ಟೆಗೆ ಇನ್ಸುಲಿನ್ ಸೂಜಿ!"

ಸೂಜಿ! ಕಾಲಿನ ಮುಳ್ಳು ತೆಗೆಯಲು ಪಿನ್ನು ತಂದರೂ ಕಣ್ಣು ಕತ್ತಲೆ ಬರುವ ಪ್ರಾಣಿ ನಾನು. ಇದನ್ನೆಲ್ಲ ಹೇಳಿದರೆ ನನ್ನ ಹೆಂಡತಿ ಪದ್ಮಾಕ್ಷಿ ಮರುಗಿದ್ದು ಗ್ರಂಥಿಗೆ. "ಪಾಪ, ಅದ್ರ ಅವಸ್ಥೆಯೂ ನನ್ನ ಹಾಂಗೇ!"

"ರಾತ್ರಿ ಇನ್ ನಂಗೆ ಫಲಾಹಾರ ಮಾತ್ರ. ಏಕಾದಶಿ ಮಾಡ್ದವ್ರಿಗೆ ಸಕ್ರೆ ಕಾಯ್ಲೆ ಬಂದದ್ದ್ ಕಂಡಿದ್ಯಾ?"

"ಏಕಾದಶಿ ತಿಂಗ್ಳಿಗೆ ಎರಡೇ ಬಪ್ಪುದ್."

ಎಂಥ ಅಪಶಕುನದ ಮಾತು! ನಾನು ಅವಲಕ್ಕಿ ಡಬ್ಬಿ ಕೆಳಗಿಳಿಸಿದೆ.

ವ್ರತ ಶುರುವಾಯಿತು. ಮೊದಲ ರಾತ್ರಿ ಬೆಲ್ಲ, ಕಾಯಿ ಸುರಿದ ಅವಲಕ್ಕಿ, ಎರಡು ಬಾಳೆಹಣ್ಣು. ಮರುರಾತ್ರಿ ಸಾಬಕ್ಕಿ ಪಾಯಸ. ಆಮೇಲೆ ಹಲಸಿನ ಹಣ್ಣಿನ ಕಡುಬು. ಅದರಲ್ಲಿ ಅಕ್ಕಿ ಇದೆ ನಿಜ, ಆದರೆ ರುಬ್ಬಿದ ಮೇಲೆ ಅದನ್ನು ಅನ್ನ ಎನ್ನಲು ಯಾವ ಕೋರ್ಟಿನಲ್ಲೂ ಸಾಧ್ಯವಿಲ್ಲ. ಅನ್ನ ಬಿಟ್ಟವನಿಗೆ ಹಸಿವು ಹೆಚ್ಚು ನೋಡಿ, ಮೂರನೇ ವಾರಕ್ಕೆ ಬಾಳೆಹಣ್ಣು ಆರಕ್ಕೇರಿತು.

ವ್ಯಾಯಾಮಕ್ಕೆ ಸಂಜೆ ಪಕ್ಕದ ಊರು ಕೋಟದವರೆಗೆ ನಡಿಗೆ. ಅಲ್ಲಿ ಒಂದು ಪ್ಲೇಟು ಎಣ್ಣೆಯಲ್ಲಿ ಕರಿದ ಗೋಳಿಬಜೆ, ಒಂದು ಕಾಫಿ. ತಿಂದ ಕೂಡಲೇ ನಡೆಯಬಾರದು ಎಂದು ವಾಪಸು ಬಸ್ಸಿನಲ್ಲಿ.

ಇತ್ತ ಪದ್ಮಾಕ್ಷಿ ಎರಡು ಹೊತ್ತೂ ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು. ನನಗೆ ಕನಿಕರವಾಯಿತು. "ನೀನ್ ಹೀಂಗ್ ಉಂಡ್ರೆ ನಿಂಗೂ ಬತ್ತ್ ಕಾಣ್! ಬಾ, ನಿನ್ ರಕ್ತವೂ ಕಾಣ್ಸುವ."

ತಿಂಗಳ ಕೊನೆಗೆ ಇಬ್ಬರೂ ಹೋದೆವು. ಚೀಟಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ ಅವಳದು ಎಂಬತ್ತೆಂಟು. ನನ್ನದು ನೂರ ತೊಂಬತ್ತು ಇದ್ದದ್ದು ಇನ್ನೂರ ನಲವತ್ತು!

ಡಾಕ್ಟರು ನನ್ನ ಫಲಾಹಾರದ ಪಟ್ಟಿಯನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಅವಳ ಕಡೆ ತಿರುಗಿದರು. "ನೀವೆಂತ ಉಣ್ತೀರಿ?"

"ಒಂದ್ ಸೌಟ್ ಕುಚ್ಚಲಕ್ಕಿ ಗಂಜಿ, ಬಸಳೆ ಹುಳಿ."

"ಕೆಲಸ?"

"ಪಂಪ್ ಹಾಳಾಯಿ ಎರಡ್ ತಿಂಗ್ಳ್ ಆಯ್ತ್. ದಿನಕ್ ಮೂವತ್ತ್ ಕೊಡಪಾನ ನೀರ್ ಸೇದುದ್."

"ಪಂಪ್ ಸರಿ ಮಾಡಿಸೋದು ಯಾರು?"

ನಾನು ಫ್ಯಾನು ನೋಡತೊಡಗಿದೆ.

ಅವರು ಸೂಜಿಯ ಡಬ್ಬಿಗೆ ಕೈ ಹಾಕಿದರು. ನಾನು ಮೇಜಿನ ಮೇಲೆಯೇ ಅವರ ಕೈ ಹಿಡಿದುಕೊಂಡೆ. "ಇನ್ನೊಂದ್ ತಿಂಗ್ಳ್ ಕೊಡಿ ಮಾರಾಯ್ರೆ!" ಮಾತ್ರೆಯ ಜೊತೆ ಅವರು ಬರೆದುಕೊಟ್ಟದ್ದು ಇಷ್ಟು: ಊಟ, ಹೆಂಡತಿ ಉಂಡಷ್ಟೇ. ಮದ್ದು, ದಿನಕ್ಕೆ ಮೂವತ್ತು ಕೊಡಪಾನ ನೀರು, ಸ್ವಂತ ಕೈಯಿಂದ ಸೇದಿದ್ದು.

ಮರುದಿನದಿಂದ ಬಾವಿಕಟ್ಟೆಯಲ್ಲಿ ನಾನು. ಮೇ ತಿಂಗಳು, ನೀರು ಪಾತಾಳದಲ್ಲಿ. ಅಂಗೈಯಲ್ಲಿ ಬೊಕ್ಕೆ ಎದ್ದವು. ಈ ಹಗ್ಗವನ್ನು ಎರಡು ತಿಂಗಳು ಅವಳು ಹೇಗೆ ಎಳೆದಳೋ ಎಂದು ನಿಜಕ್ಕೂ ನಾಚಿಕೆಯಾಯಿತು. ಎಂಟನೇ ದಿನ ಹದಿನೆಂಟನೇ ಕೊಡಪಾನಕ್ಕೆ ಕೂಗಿಯೇಬಿಟ್ಟೆ: "ಪದ್ಮಾಕ್ಷೀ! ಆ ಮೆಕ್ಯಾನಿಕ್ ಗೋವರ್ಧನಂಗೆ ಈಗ್ಲೇ ಹೇಳ್ ಕಳ್ಸ್, ಬಂದ್ ಪಂಪ್ ಸರಿ ಮಾಡ್ಲಿ!"

ಅವಳು ಸಕ್ಕರೆಯಿಲ್ಲದ ಕಾಫಿ ತಂದು ಕಟ್ಟೆಯ ಮೇಲಿಟ್ಟಳು.

"ಅವ ಬಂದ್ ಸರಿ ಮಾಡಿ ಏಳ್ ದಿನ ಆಯ್ತ್."

"ಆಂ! ನನ್ನತ್ರ ಎಂತಕ್ ಹೇಳ್ಲಿಲ್ಲೆ?"

"ಚೀಟಿಲಿ ಸೇದುಕೆ ಬರ್ದಿತ್ತ್, ಸ್ವಿಚ್ ಒತ್ತುಕೆ ಬರೀಲಿಲ್ಲೆ. ಹ್ವಾಯ್, ಇನ್ನೂ ಹನ್ನೆರಡ್ ಬಾಕಿ ಇತ್ತ್ ಕಾಣಿ. ಮದ್ದ್ ಅರ್ಧಕ್ಕೆ ಬಿಡುಕಾಗ."