ಡೈನಿಂಗ್ ಟೇಬಲಿನ ಮೇಲೊಂದು ಗ್ಯಾರೇಜು

ನಮ್ಮ ಬಿಲ್ಡಿಂಗಲ್ಲಿ ಲಿಫ್ಟು ನಿಲ್ತದೆ, ನೀರು ನಿಲ್ತದೆ, ಪಕ್ಕದ ಮನೆಯ ತಮಾಷೆ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ ಮಾರಾಯ್ರೆ. ನಾನು ಯಾರ ಮನೆ ಸುದ್ದಿಗೂ ಹೋಗುವವಳಲ್ಲ. ಆದ್ರೆ ಬಾಗಿಲಿಗೆ ಬಾಗಿಲು, ನಡುವೆ ನಾಲ್ಕೇ ಹೆಜ್ಜೆ. ಸುದ್ದಿಯೇ ನಡ್ಕೊಂಡು ಬಂದ್ರೆ ನಾನೆಂತ ಮಾಡ್ಲಿ?

ಹನ್ನೆರಡು ಕಾರಿನ ಸಾಹುಕಾರ್ರು

ಮಸ್ಕತಿನ ಈ ಅಲ್ ಖುವೈರಲ್ಲಿ ಕಾರು ತೆಗೊಳ್ಳುವುದು ಸುಲಭ, ನಿಲ್ಲಿಸುವುದು ಕಷ್ಟ. ನನ್ನ ಗಂಡ ದಿನಾ ಜಾಗ ಹುಡುಕಿ ಬಿಲ್ಡಿಂಗಿಗೆ ಮೂರು ಸುತ್ತು ಬರ್ತಾರೆ, ದೇವಸ್ಥಾನಕ್ಕೂ ಅಷ್ಟು ಬಂದವ್ರಲ್ಲ. ಹಾಗಿರುವಾಗ ಪಕ್ಕದ ಮನೆಗೆ ಹೊಸತಾಗಿ ಬಂದ ಬಾಯಿ, ಉಡುಪಿ ಕಡೆಯ ಕೊಂಕಣಿ ಕ್ರಿಸ್ತಿಯನ್ನರು (ನಮ್ಮೂರಲ್ಲಿ ಅವರ ಹೆಂಗಸ್ರಿಗೆ ಬಾಯಿ, ಗಂಡಸ್ರಿಗೆ ಪೊರ್ಬುಗಳು ಅನ್ನುವುದು), "ನಮ್ಮವ್ರದ್ದು ಹನ್ನೆರಡು ಕಾರುಂಟು ಅಕ್ಕ" ಅಂದ್ರೆ ನನಗೆ ಹೇಗಾಗ್ಬೇಡ? ಸಂಜೆಯೊಳಗೆ ಮೂರು ಮಹಡಿಗೂ ನಾನೇ ಸುದ್ದಿ ಮುಟ್ಟಿಸಿದೆ. "ಅವರಿಗೆ ವೀಸಾ ಕೊಟ್ಟ ಕಫೀಲಿಗೂ ಅಷ್ಟು ಕಾರಿಲ್ಲ!"

ಮರುದಿನ ಸಕ್ಕರೆ ಕೇಳುವ ನೆಪದಲ್ಲಿ ಹೋದೆ. ನೋಡಿದ್ರೆ ಎಂತ, ಬಾಯಿಯ ಗಂಡ ಡೈನಿಂಗ್ ಟೇಬಲಲ್ಲಿ ಕೂತು ಕಣ್ಣಿಗೆ ಭೂತಗನ್ನಡಿ ಕಟ್ಟಿ, ಅಂಗೈಯಷ್ಟು ದೊಡ್ಡ ಕಾರಿಗೆ ಚಿಮಟದಲ್ಲಿ ಸೀಟು ಕೂರಿಸ್ತಾ ಇದ್ದಾರೆ. ಡಬ್ಬಿಯಲ್ಲಿ ಬಿಡಿ ಬಿಡಿಯಾಗಿ ಬರ್ತದಂತೆ. ಇವ್ರು ಅದನ್ನು ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ತಮಗೆ ಬೇಕಾದ ಹಾಗೆ ಬದಲಾಯಿಸುವುದಂತೆ.

"ನಿಜ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಅಕ್ಕ" ಅಂದ್ರು ಹೆಮ್ಮೆಯಲ್ಲಿ.

ಇವರ ನಿಜ ಕಾರು ಕೆಳಗೆ ನಿಂತಿತ್ತು, ಬಂಪರಿಗೆ ಹಗ್ಗ ಕಟ್ಕೊಂಡು. ಕೇಳಿದೆ, "ಪೊರ್ಬುಗಳೇ, ಈ ಸಣ್ಣದ್ರಲ್ಲಿ ಎ.ಸಿ. ಉಂಟಾ?"

"ಉಂಟಲ್ಲ, ಗಾಳಿ ಬರುವ ಜಾಲರಿ ಸಹ ಇಟ್ಟಿದ್ದೇನೆ!"

ಒಳಗಿಂದ ಬಾಯಿ ಕೂಗಿದ್ರು, "ಹಾಗಾದ್ರೆ ಶುಕ್ರವಾರದ ರಜೆಗೆ ನನ್ನನ್ನು ಅದರಲ್ಲೇ ಇಗರ್ಜಿಗೆ ಕರ್ಕೊಂಡು ಹೋಗಿ! ಕೆಳಗಿನದ್ರಲ್ಲಿ ನಾನು ಕಡುಬಿನ ಹಾಗೆ ಬೇಯ್ತೇನೆ!"

ಉಪ್ಪಿಟ್ಟಿನ ತನಿಖೆ

ಆ ಟೇಬಲಲ್ಲಿ ಆ ಮನೆಯವ್ರು ಊಟ ಮಾಡಿದ್ದೇ ಇಲ್ಲ. ತಟ್ಟೆ ತೊಡೆ ಮೇಲೆ, ಕಾರು ಟೇಬಲ್ ಮೇಲೆ. ಒಂದು ದಿನ ಬಾಯಿ ಹಟ ಹಿಡಿದು ಟೇಬಲಿನ ಒಂದು ಮೂಲೆ ಖಾಲಿ ಮಾಡಿ ನನ್ನನ್ನು ಉಪ್ಪಿಟ್ಟಿಗೆ ಕೂರಿಸಿದ್ರು. ನನ್ನದು ಎರಡನೇ ತಟ್ಟೆ ಮುಗೀತಾ ಬಂದಾಗ ಪೊರ್ಬುಗಳು ಓಡಿ ಬಂದ್ರು.

"ಅಕ್ಕಾ, ತಿನ್ಬೇಡಿ! ಚಕ್ರದ ಒಂದು ನಟ್ಟು ಕಾಣ್ತಾ ಇಲ್ಲ!"

"ಎಷ್ಟು ದೊಡ್ಡದು?"

"ಸಾಸಿವೆಯಷ್ಟು. ಕಪ್ಪು."

ಪಾತ್ರೆಯ ಉಪ್ಪಿಟ್ಟನ್ನೆಲ್ಲ ಪೇಪರಿಗೆ ಸುರಿದು, ಭೂತಗನ್ನಡಿ ಕಟ್ಟಿ, ಚಿಮಟದಲ್ಲಿ ಒಂದೊಂದೇ ಸಾಸಿವೆ ಹೆಕ್ಕಿ ನೋಡಿದ್ರು. ನಟ್ಟು ಸಿಗ್ಲಿಲ್ಲ. ಬಾಯಿಯ ಮಂಡೆ ಬೆಚ್ಚ ಆಯ್ತು. "ಮುಂದಿನ ತಿಂಗಳು ನನ್ನ ಅಪ್ಪ ಅಮ್ಮ ಊರಿಂದ ಬರ್ತಾರೆ. ಅವ್ರೂ ಸೋಫಾದಲ್ಲಿ ಕೂತು ಉಣ್ಬೇಕಾ? ಅಲ್ ಖೌದಲ್ಲಿ ಇಂಥ ಸಣ್ಣ ಕಾರು ಮಾಡುವವ್ರದ್ದು ಪ್ರದರ್ಶನ ಉಂಟು ಅಂತೀರಲ್ಲ, ಅಲ್ಲಿಂದ ಒಂದು ಪ್ರೈಜ್ ತನ್ನಿ, ಟೇಬಲ್ ನಿಮಗೆ. ಅಪ್ಪ ಅಮ್ಮನಿಗೆ ನಾನು ಬೇರೆ ಟೇಬಲ್ ತರ್ತೇನೆ. ಪ್ರೈಜ್ ಇಲ್ಲದಿದ್ರೆ ಹನ್ನೆರಡು ಕಾರನ್ನೂ ಬಿಲ್ಡಿಂಗಿನ ಮಕ್ಕಳಿಗೆ ಹಂಚ್ತೇನೆ. ಖಲಾಸ್!"

ಪೊರ್ಬುಗಳ ಮುಖ ಇಷ್ಟೇ ಇಷ್ಟಾಯ್ತು. ನನಗೆ ಪಾಪ ಕಂಡಿತು. ಆದ್ರೆ ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಬಂದು, ತಲೆ ತಗ್ಗಿಸಿ, "ಅಕ್ಕಾ... ನಟ್ಟು... ಏನಾದ್ರೂ ಸಿಕ್ಕಿತಾ?" ಅಂತ ಕೇಳಿದ್ರು ನೋಡಿ.

"ಪೊರ್ಬುಗಳೇ, ಸಿಕ್ಕಿದ್ರೂ ನಾನು ವಾಪಸ್ ಕೊಡುವುದಿಲ್ಲ!" ಅಂದೆ.

ಬಟಾಣಿ ಪೂಜೆ

ಆಯುಧ ಪೂಜೆ ದಿನ ನನ್ನ ಗಂಡ ಕೆಳಗೆ ಕಾರಿಗೆ ಹೂವು ಹಾಕ್ತಾ ಇದ್ರು. ಪೊರ್ಬುಗಳು ದೊಡ್ಡದೊಂದು ತಟ್ಟೆಯಲ್ಲಿ ಹನ್ನೆರಡು ಕಾರು ಜೋಡಿಸ್ಕೊಂಡು ಬಂದ್ರು. "ನಮ್ಮದಕ್ಕೂ ಒಂದು ಆರತಿ ಮಾಡಿ. ಪ್ರೈಜ್ ಬರ್ಬೇಕಲ್ಲ, ಯಾವ ದೇವ್ರ ಬಾಗಿಲನ್ನೂ ಬಿಡುವ ಹಾಗಿಲ್ಲ."

ಕುಂಕುಮ ಆಯ್ತು, ಆರತಿ ಆಯ್ತು. ಚಕ್ರದ ಅಡಿಗೆ ನಿಂಬೆಹಣ್ಣು ಇಡ್ಬೇಕಲ್ಲ? ನಿಂಬೆಹಣ್ಣು ನೋಡಿದ್ರೆ ಚಕ್ರಕ್ಕಿಂತ ದೊಡ್ಡದು. ನನ್ನ ಗಂಡ ತಲೆ ಕೆರ್ಕೊಂಡ್ರು. ಇಂಥ ಸಮಯಕ್ಕೆ ಹೆಂಗಸ್ರೇ ಬೇಕು! ಮೇಲೆ ಓಡಿ ಫ್ರಿಜ್ಜಿಂದ ಹಸಿ ಬಟಾಣಿ ತಂದೆ. ಒಂದೊಂದು ಚಕ್ರಕ್ಕೆ ಒಂದೊಂದು ಬಟಾಣಿ. ಪೊರ್ಬುಗಳು ಬೆರಳಲ್ಲಿ ಕಾರು ದೂಡಿದ್ರು. ಬಟಾಣಿ ಒಡೆಯುವುದಾ? ಕಾರೇ ಮಗುಚಿ ಬಿತ್ತು!

ನನ್ನ ಗಂಡ ಗಂಭೀರವಾಗಿ ಹೇಳಿದ್ರು, "ಒಳ್ಳೇದಾಯ್ತು. ಆಕ್ಸಿಡೆಂಟ್ ಈಗಲೇ ಮುಗೀತು."

ತೊಳೆದ ಪಾಪ

ಪ್ರದರ್ಶನಕ್ಕೆ ಅಂತ ಪೊರ್ಬುಗಳು ಹದಿಮೂರನೇದು ಒಂದು ಮಾಡ್ತಾ ಇದ್ರು. ಯಾರಿಗೂ ತೋರಿಸ್ಲಿಲ್ಲ. "ದೃಷ್ಟಿ ತಾಗ್ತದೆ" ಅಂದ್ರು, ನನ್ನ ಮುಖ ನೋಡಿಯೇ ಅಂದ್ರು. ಆಗ್ಲಿ.

ಪ್ರದರ್ಶನದ ಶುಕ್ರವಾರ ಬೆಳಿಗ್ಗೆ ಇಬ್ರೂ ಇಗರ್ಜಿಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ರು, ಎ.ಸಿ. ರಿಪೇರಿಯವ್ನು ಬರ್ಲಿಕ್ಕಿತ್ತು. ಅವನು ಬಂದು ಹೋದ. ನಾನು ಸ್ವಲ್ಪ ಹಿಂದೆ ಉಳಿದೆ, ಅಷ್ಟೇ. ಟೇಬಲ್ ಮೇಲೊಂದು ಬಟ್ಟೆ ಮುಚ್ಚಿತ್ತು. ಗಾಳಿಗೆ ಚೂರು ಸರಿಯಿತು. ಗಾಳಿ ಅಂದ್ರೆ, ನನ್ನ ಕೈಯದ್ದು.

ಅಯ್ಯೋ ದೇವ್ರೆ! ಒಂದು ಹಳೇ ಪಿಕಪ್ಪು. ಧೂಳು, ಕೆಸರು, ಮೈಯೆಲ್ಲ ತುಕ್ಕು. ಇಲ್ಲಿ ಕಾರು ಕೊಳಕಾದ್ರೆ ಪೊಲೀಸ್ರು ಫೈನ್ ಹಾಕ್ತಾರೆ, ಇದನ್ನು ನಾಲ್ಕು ಜನರ ಎದುರು ಇಡುವುದಾ? ಗಂಡಸ್ರ ಕೆಲಸವೇ ಹೀಗೆ ಅಂತ, ಪಾತ್ರೆ ಸೋಪು ಹಾಕಿ, ಹಳೇ ಟೂತ್‌ಬ್ರಶಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಎಂತ ಹೊಳಪು! ಮದುವಣಗಿತ್ತಿಯ ಹಾಗೆ ಮಾಡಿ ಇಟ್ಟೆ.

ಹನ್ನೊಂದು ಗಂಟೆಗೆ ಪೊರ್ಬುಗಳು ಬಂದು ನೋಡಿದವ್ರು ಅಲ್ಲೇ ನೆಲದಲ್ಲಿ ಕೂತ್ರು. "ಅಕ್ಕಾ... ಅದು ಸುವೈಕಿನ ಕಡಲ ಬದಿಯ ಮೀನಿನ ಪಿಕಪ್ಪು. ಆ ಧೂಳು ನಾನೇ ಮಾಡಿದ್ದು. ಆ ತುಕ್ಕಿಗೆ ಮೂರು ವಾರ ಹಿಡಿಯಿತು. ಅದು ಗಟ್ಟಿ ನಿಲ್ಲುವ ಸ್ಪ್ರೇ ಹೊಡೆಯುವುದೊಂದು ಬಾಕಿ ಇತ್ತು."

ಕೊಳೆ ಮಾಡ್ಲಿಕ್ಕೂ ಮೂರು ವಾರ ಬೇಕು ಅಂತ ನನಗೆ ಯಾರು ಹೇಳಿದ್ದು? ಬಾಯಿ ಕಾರು ತುಂಬಿಸ್ಲಿಕ್ಕೆ ರಟ್ಟಿನ ಪೆಟ್ಟಿಗೆ ತಂದು ಟೇಬಲಿನ ಹತ್ತಿರ ಇಟ್ರು. ಪೊರ್ಬುಗಳ ಕಣ್ಣು ತುಂಬಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದೆ,

"ಎಷ್ಟು ಗಂಟೆಗೆ ಪ್ರದರ್ಶನ?"

"ನಾಲ್ಕಕ್ಕೆ."

"ಯಲ್ಲಾ, ಏಳಿ! ಮಸ್ಕತಲ್ಲಿ ಧೂಳಿಗೆ ಬರಗಾಲವಾ?"

ಬಾಲ್ಕನಿ ಕಿಟಕಿಯ ಸಂದಿಂದ ಒಂದು ಹಿಡಿ ಅಸಲಿ ಧೂಳು ಗುಡಿಸಿ ತಂದೆ. ತುಕ್ಕಿಗೆ? ನಮ್ಮನೆ ಮೀನು ಮಸಾಲೆ ಪುಡಿ, ಬಣ್ಣ ಅಂದ್ರೆ ಅದೇ ಬಣ್ಣ. ಪೊರ್ಬುಗಳು ಮೊದಲು ಮೂಗು ಮುರಿದ್ರು, ಬ್ರಶಲ್ಲಿ ಹಚ್ಚಿ ನೋಡಿದ್ಮೇಲೆ ಕಣ್ಣರಳಿಸಿದ್ರು. ಬಾಯಿಯ ಹೇರ್ ಸ್ಪ್ರೇ ಹೊಡೆದು ಗಟ್ಟಿ ಮಾಡಿದ್ರು. ಹಿಂದೆ ಹಾಕ್ಲಿಕ್ಕೆ ಅವರು ಮಣ್ಣಲ್ಲಿ ಮಾಡಿದ ಮೀನು ಬದನೆಕಾಯಿಯ ಹಾಗಿತ್ತು. ಅದನ್ನು ಬಿಸಾಡಿ, ಊರಿಂದ ಬಂದ ಒಣ ಕೊಲ್ಲತರು ಮೀನು ಐದು ಮಲಗಿಸಿದೆ. ಬೆರಳುದ್ದದ ಒಣಮೀನು ಆ ಪಿಕಪ್ಪಲ್ಲಿ ದೊಡ್ಡ ಅಂಜಲ್ ಮೀನಿನ ಹಾಗೆ ಕಂಡಿತು ಮಾರಾಯ್ರೆ! ಶಾಲೆಯಲ್ಲಿ ಲೆಕ್ಕಕ್ಕೆ ಬೆತ್ತದ ಪೆಟ್ಟು ತಿಂದವಳು ನಾನು, ಇಪ್ಪತ್ನಾಲ್ಕರ ಮಗ್ಗಿ ಅವತ್ತು ಸರಿಯಾಯ್ತು.

ಎಲ್ರೂ ಅಲ್ ಖೌದಿಗೆ ಹೋದೆವು. ಜಡ್ಜು ಒಬ್ರು ಒಮಾನಿ ಹಿರಿಯರು, ಸುವೈಕಿನವ್ರೇ ಅಂತೆ, ಹಿಂದಿ ಚಂದ ಮಾತಾಡ್ತಾರೆ. ಹೊಳೆಯುವ ಕಾರುಗಳನ್ನೆಲ್ಲ ನೋಡಿ "ಅಚ್ಛಾ, ಅಚ್ಛಾ" ಅಂತ ಮುಂದೆ ಹೋದ್ರು. ನಮ್ಮ ಪಿಕಪ್ಪಿನ ಎದುರು ನಿಂತ್ರು. ಬಗ್ಗಿದ್ರು. ಮೂಸಿದ್ರು. ಇನ್ನೊಮ್ಮೆ ಮೂಸಿದ್ರು. ಬಾಯಿ ಜಪಮಾಲೆ ಹಿಡ್ಕೊಂಡ್ರು, ಗಂಡ ಗೆಲ್ಲಲಿ ಅಂತಲೋ ಸೋಲಲಿ ಅಂತಲೋ ನಾನು ಕೇಳ್ಲಿಲ್ಲ.

"ಈ ತುಕ್ಕಿನ ಬಣ್ಣ ಯಾವುದು?" ಅಂತ ಜಡ್ಜು ಕೇಳಿದ್ರು.

ಪೊರ್ಬುಗಳು ಬೆವರು ಒರೆಸ್ಕೊಂಡು, "ಇಂಪೋರ್ಟೆಡ್, ಸರ್" ಅಂದ್ರು.

ನನ್ನ ನಾಲಿಗೆ ನಿಲ್ತದಾ? "ಹೌದು ಹೌದು, ಇಂಪೋರ್ಟೆಡೇ! ಮುಲ್ಕಿಯಿಂದ, ನನ್ನ ಅಮ್ಮ ಕುಟ್ಟಿ ಕಳಿಸಿದ್ದು!" ಅಂತ ಹಿಂದಿಯಲ್ಲಿ ಹೇಳಿಯೇ ಬಿಟ್ಟೆ.

ಜಡ್ಜು ನಕ್ಕು ನಕ್ಕು ತಲೆಯ ಟೋಪಿ ವಾರೆಯಾಯ್ತು. ಕೊನೆಗೆ ಮೈಕಲ್ಲಿ ಹೇಳಿದ್ರು, "ಬೇರೆ ಗಾಡಿ ನೋಡಿ ಖುಷಿ ಆಯ್ತು. ಈ ಗಾಡಿ ನೋಡಿ ನನಗೆ ಹಸಿವಾಯ್ತು. ಫಸ್ಟ್ ಪ್ರೈಜ್!"

ಪೊರ್ಬುಗಳು ಕುಣಿದ್ರು. ಬಾಯಿ ನಿಟ್ಟುಸಿರು ಬಿಟ್ಟು, "ಟೇಬಲ್ ನಿಮಗೇ. ತೆಗೊಂಡು ಸಾಯಿರಿ" ಅಂದ್ರು, ಮುಖ ಮಾತ್ರ ನಗ್ತಾ ಇತ್ತು.

ಪ್ರೈಜಿನ ಕಪ್ಪು ಹಿಡ್ಕೊಂಡು ಪಿಕಪ್ಪು ತರ್ಲಿಕ್ಕೆ ಹೋದ್ರೆ, ಐದು ಮೀನಲ್ಲಿ ಎರಡೇ ಉಳಿದಿತ್ತು. ಜಡ್ಜು ಆಚೆ ನಿಂತು ಗಡ್ಡ ಒರೆಸ್ತಾ ಇದ್ರು.