ನವಾರು ಮಂಚದ ರೇಖಾಗಣಿತ

ಶಿವಮೂರ್ತಿ ಮೇಷ್ಟ್ರಿಗೆ ಮೂರು ದಿನದಿಂದ ಊಟ ರುಚಿಸಿರಲಿಲ್ಲ. (ಬಿಟ್ಟಿರಲಿಲ್ಲ, ರುಚಿಸಿರಲಿಲ್ಲ ಅಷ್ಟೆ.) ಹರಿಹರದ ಪಕ್ಕದ ಗುತ್ತೂರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಬೋಧಿಸುತ್ತಿದ್ದ ಅವರನ್ನು ಏಳನೇ ಕ್ಲಾಸಿನ ಆಶಾರಾಣಿ ಇಕ್ಕಟ್ಟಿಗೆ ಸಿಕ್ಕಿಸಿದ್ದಳು. ಸಮಾಂತರ ರೇಖೆಗಳು ಎಂದೆಂದೂ ಸೇರುವುದಿಲ್ಲ, ರೈಲು ಹಳಿ ನೋಡಿ ಎಂದು ಮೇಷ್ಟ್ರು ಅಪ್ಪಣೆ ಕೊಡಿಸಿದ್ದೇ ತಡ, ಹುಡುಗಿ ಎದ್ದು ನಿಂತಳು.

"ಸಾರ್, ಟೇಷನ್ನಾಗ ನಿಂತು ನೋಡಿದ್ರೆ ದೂರದಾಗ ಸೇರ್ತಾವಲ್ರಿ?"

"ಅದು ಕಣ್ಣಿನ ಭ್ರಮೆ."

"ಹಂಗಾದ್ರೆ ಸೇರಲ್ಲ ಅಂತ ಹೆಂಗೆ ಗೊತ್ತಾತ್ರಿ?"

ಅಷ್ಟರಲ್ಲಿ ಗಂಟೆ ಹೊಡೆದು ಮೇಷ್ಟ್ರ ಮಾನ ಉಳಿಯಿತು. ಆದರೆ ಇಷ್ಟು ವರ್ಷ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂಬ ಸಂಕಟ ಉಳಿಯಿತು. ಸೋಮವಾರ ಆ ಹುಡುಗಿಗೆ ಕಣ್ಣಾರೆ ತೋರಿಸದಿದ್ದರೆ ತಾವು ಮೇಷ್ಟ್ರೇ ಅಲ್ಲ ಎಂದುಕೊಂಡರು.

ಶನಿವಾರ ಮಧ್ಯಾಹ್ನ ಪಿ.ಜೆ. ಬಡಾವಣೆಯ ಮನೆಗೆ ಬಂದಾಗ ಕಣ್ಣಿಗೆ ಬಿದ್ದದ್ದು ಅತ್ತೆಯ ನವಾರು ಮಂಚ. ಮಂಡಿನೋವಿನ ಔಷಧಕ್ಕೆಂದು ಕೊಕ್ಕನೂರಿನಿಂದ ಬಂದಿದ್ದ ತಿಮ್ಮವ್ವ, ಸ್ಪಂಜಿನ ಹಾಸಿಗೆಯಲ್ಲಿ ನಿದ್ದೆ ಬಾರದೆಂದು ಮಂಚವನ್ನೂ ಜೊತೆಗೆ ತಂದಿದ್ದರು. ಉದ್ದ ಪಟ್ಟಿಗಳು ಸಮಾಂತರ, ಅಡ್ಡ ಪಟ್ಟಿಗಳು ಲಂಬ! ಅತ್ತೆ, ಮೇಷ್ಟ್ರ ಹೆಂಡತಿ ಮೀನಾಕ್ಷಿಯ ಜೊತೆ ಡಾಕ್ಟರ ಹತ್ತಿರ ಹೋಗಿದ್ದರು. ಮೇಷ್ಟ್ರು ಬೋಧನೆಯ ಪೂರ್ವಸಿದ್ಧತೆಗಾಗಿ, ತಾವೇ ಅಳತೆ ಹಿಡಿದು ನೇಯೋಣವೆಂದು, ಮಂಚವನ್ನು ಹಜಾರಕ್ಕೆ ಎಳೆದು ಪಟ್ಟಿ ಪೂರ್ತಿ ಬಿಚ್ಚಿದರು. ಬಿಚ್ಚಲು ಹತ್ತು ನಿಮಿಷ ಸಾಕಾಯಿತು.

ನೇಯಲು ಮಾತ್ರ ಸಾಕಾಗಲಿಲ್ಲ. ಉದ್ದ ಪಟ್ಟಿ ಸುತ್ತಿ, ಲಂಬಕೋನ ನೋಡುವ ಮೂಲೆಮಟ್ಟ ಇಟ್ಟು ಶಾಸ್ತ್ರೋಕ್ತವಾಗಿ ಅಡ್ಡ ಪಟ್ಟಿ ಹಾಕುತ್ತ ಹೋದರೆ, ಒಂದು ಮೂಲೆಯಲ್ಲಿ ಬೆಕ್ಕು ನುಗ್ಗುವಷ್ಟು ಸಂದಿ ಬಿತ್ತು. ಮತ್ತೆ ಬಿಚ್ಚಿದರು. ಮತ್ತೆ ಅದೇ ಸಂದಿ. ಮೂರನೇ ಸಲ ಬಿಚ್ಚುವಾಗ ಬಾಗಿಲು ತೆರೆಯಿತು.

"ರೀ, ಇದೇನು ಅವತಾರ?" ಎಂದಳು ಮೀನಾಕ್ಷಿ. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಅವ್ವ ಇವತ್ತು ಎಲ್ಲಿ ಮಲಗ್ಬೇಕು, ನಿಮ್ಮ ತಲೆ ಮ್ಯಾಲಾ?"

"ಇದು ಪ್ರಯೋಗ ಕಣೇ. ಮೂಲೆಮಟ್ಟ ಸರಿಯಾಗೇ ಇಟ್ಟೀನಿ, ಮಂಚದ್ದೇ ತಪ್ಪು."

"ಹೌದು, ಮಕ್ಕಳು ಫೇಲಾದ್ರೂ ಮಕ್ಕಳದ್ದೇ ತಪ್ಪು ಅಂತೀರಿ."

ತಿಮ್ಮವ್ವ ಬೈಯಲಿಲ್ಲ. ಮಂಚವನ್ನು ಸುತ್ತಿ ನೋಡಿದರು. "ಎಳದಾಡಿದ್ದಕ್ಕೆ ಚೌಕಟ್ಟು ಸೊಟ್ಟಗಾಗೈತೆ ಅಳಿಯಂದ್ರೆ. ಅದನ್ನ ಬಿಟ್ಟು ಪಟ್ಟಿಗೆ ಯಾಕ ಮಟ್ಟ ಹಿಡೀತೀರಿ? ಹಗ್ಗ ತಗೊಂಡು ಈ ಮೂಲೆಯಿಂದ ಆ ಮೂಲೆಗೆ ಅಳೀರಿ. ಆಮ್ಯಾಲೆ ಆ ಕಡೆದೂ ಅಳೀರಿ. ಎರಡೂ ಒಂದೇ ಆಗೋವರ್ಗೂ ಕಾಲಿಗೆ ಗುಂಡುಕಲ್ಲಿಂದ ತಟ್ಟಬೇಕು."

ಮೇಷ್ಟ್ರ ಕೈ ಹಗ್ಗದ ಮೇಲೆಯೇ ನಿಂತಿತು. ಎದುರು ಬಾಹುಗಳು ಸಮವಿದ್ದು ಕರ್ಣಗಳೂ ಸಮವಾದರೆ ಮೂಲೆಗಳು ಲಂಬಕೋನ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವರು ಅವರೇ. ಮಂಚದ ಮುಂದೆ ಕೂತಾಗ ಅದು ನೆನಪಿಗೇ ಬಂದಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ, ಎಷ್ಟೋ ದಿನದ ಮೇಲೆ ಹೊಸದೇನೋ ಕಲಿತ ಸಂತೋಷವಾಯಿತು. ತಟ್ಟಿದರು, ಅಳೆದರು, ಅತ್ತೆ ನೇಯುವವರೆಗೂ ಪಟ್ಟಿಯ ತುದಿ ಹಿಡಿದು ನಿಂತರು.

ಸೋಮವಾರ ಶಾಲೆಗೆ ಹೊರಟ ಮಂಚ ಲಗೇಜ್ ಆಟೋ ಏರಿತು. "ನಿಮ್ಮ ಕೈಯಾಗ ಮಂಚ ಒಂದನ್ನೇ ಕಳ್ಸಾಂಗಿಲ್ಲ" ಎಂದು ತಿಮ್ಮವ್ವನೂ ಏರಿದರು.

ಕ್ಲಾಸಿನಲ್ಲಿ ಆಶಾರಾಣಿ ಎರಡು ಉದ್ದ ಪಟ್ಟಿಗಳ ನಡುವೆ ಬೆರಳಿಟ್ಟಳು. ತಲೆಯ ಕಡೆ ಒಂದು ಬೆರಳು, ನಡುವೆ ಒಂದು, ಕಾಲ ಕಡೆ ಒಂದು.

"ಎಲ್ಲಿತನಕ ಎಳದ್ರೂ ಇದು ಒಂದು ಬೆರಳೇ. ಕಮ್ಮಿನೇ ಆಗಲ್ಲ ಅಂದ್ಮ್ಯಾಲೆ ಸೇರೋದು ಹೆಂಗೆ! ಗೊತ್ತಾತ್ರಿ ಸಾರ್."

ಮೇಷ್ಟ್ರು ಮಾತಾಡಲು ಹೊರಟರೆ, ಹುಡುಗಿ ಆಗಲೇ ತಿಮ್ಮವ್ವನ ಕಡೆ ತಿರುಗಿದ್ದಳು.

"ಅಜ್ಜಿ, ನಾಳೆಯಿಂದ ವೃತ್ತದ ಪಾಠ. ಅದಕ್ಕೂ ಬರ್ತೀಯಾ?"

"ನೋಡಾನವ್ವ, ಮಂಡಿ ಬಿಟ್ರೆ ಬರ್ತೀನಿ. ಅಲ್ಲಿತನಕ ನಿಮ್ಮ ಮೇಷ್ಟ್ರೇ ಹೇಳ್ಲಿ, ಪಾಪ. ಎಲ್ಲ್ಯಾರ ತಪ್ಪಿದ್ರೆ ಬರದಿಟ್ಕೊಳ್ರಿ."

ನಲವತ್ತು ಮಕ್ಕಳೂ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತರು. ಮೇಷ್ಟ್ರ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಬೈಸಿಕೊಳ್ಳದೆ ಮಕ್ಕಳು ನೋಟ್‌ಬುಕ್ ತೆರೆದದ್ದು ಅದೇ ಮೊದಲು.