ಪುಣೆದ ಚಳಿಗಾಲ ಮತ್ತ ನಮ್ಮ ದ್ರಾಕ್ಷಿ ಪಡಾ

ದೀಪಾವಳಿ ಮುಗದು ಚಳಿ ಬೀಳಾಕ ಸುರು ಆತಂದ್ರ ನಮ್ಮ ಮನ್ಯಾಗ ಒಂದಿಲ್ಲ ಒಂದು ಫಜೀತಿ ಆಗೂದ ಸೈ. ಹದಿನೈದು ಚಳಿಗಾಲ ಸಂಸಾರ ಮಾಡೀನಿ, ಒಂದ ವರ್ಷನೂ ತಪ್ಪಿಲ್ಲ.

ನಮ್ಮ ಅಕ್ಕ ಪುಣೆದಾಗ ಇರ್ತಾಳ. ಆಕಿ ಗಂಡಗ ಅಲ್ಲೆ ನೌಕರಿ. ನವೆಂಬರ್ ಬಂತಂದ್ರ ಆಕೀದು ಕಾರ್ಡ್ ಬರೂದು: "ಚಳಿಗಾಲದಾಗ ಪುಣೆ ಅಂದ್ರ ಸ್ವರ್ಗ ನೋಡವಾ. ಹೂವಿನ ಪ್ರದರ್ಶನ ಅಂತ, ಗಾಯನ ಅಂತ, ಕೆರ್‍ಯಾಗ ನಾವಿ ಅಂತ, ದಿನಾ ಒಂದು ನಡದಿರತೈತಿ. ಗಂಡನ್ನ ಕರಕೊಂಡು ಬಾ."

ಕರಕೊಂಡು ಬಾ ಅನ್ನಾಕ ಆಕಿಗೇನು? ನಮ್ಮನಿಯವರು ದ್ರಾಕ್ಷಿ ಬೆಳಿಯೂ ಮನಶ್ಯಾ. ದ್ರಾಕ್ಷಿ ತ್ವಾಟಕ್ಕ ನಮ್ಮ ಅಥಣಿ ಕಡೆ ಪಡಾ ಅಂತೀವಿ. ಅಕ್ಟೋಬರದಾಗ ಬಳ್ಳಿ ಕತ್ತರಿಸಿದ್ರ ಡಿಸೆಂಬರದಾಗ ಹೂವು, ಹೀಚು. ಸರೀ ಆವಾಗ ಮೋಡ ಆತು, ಮಂಜು ಬಿತ್ತು ಅಂದ್ರ ದಾವಣಿ ರೋಗ ಬಡೀತೈತಿ. ನಿನ್ನೆ ಹಸರ ಇದ್ದ ಗೊನಿ ನಾಳೆ ಕರ್ರಗ. ತಡಾ ಮಾಡಲಾರದ ಔಷಧ ಹೊಡದ್ರ ಉಳೀತು, ಇಲ್ಲಂದ್ರ ವರ್ಷದ ಕೂಳು ಹೋತು.

ನನ್ನ ತವರು ರಾಯಬಾಗದ ಕಡೆ, ಕಬ್ಬಿನ ಮನಿ. ಕಬ್ಬು ಎಮ್ಮಿ ಇದ್ದಂಗ, ಮಳಿ ಬರ್ಲಿ ಬಿಸಿಲು ಬರ್ಲಿ ನಿಂತಿರತೈತಿ. ದ್ರಾಕ್ಷಿ ಹಂಗಲ್ಲ, ಹಸಗೂಸು. ಮದವಿಗಿ ಮುಂಚೆ ಇದನ್ನ ನನಗ ಯಾರೂ ಹೇಳ್ಲಿಲ್ಲ. ಹುಡುಗ ಚಲೋ ಅದಾನ, ಅಡಿಕಿ ಸೈತ ತಿನ್ನೂದಿಲ್ಲ ಅಂದ್ರು, ಅಷ್ಟ.

ನನ್ನ ಆಶಾ ದೊಡ್ಡದಲ್ರಿ. ಬಂಗಾರ ಕೇಳ್ಲಿಲ್ಲ, ಸೀರಿ ಕೇಳ್ಲಿಲ್ಲ. ಪುಣೆದಾಗ ಯಾವುದರ ಒಂದು ಕಾರ್ಯಕ್ರಮ ಮೊದಲಿಂದ ಕಡೀತನಾ ಕುಂತು ನೋಡಬೇಕು. ಅದೊಂದ.

ಗುಲಾಬಿ ಡಾಕ್ಟರು

ಮದವಿ ಆದ ಮೊದಲನೇ ಚಳಿಗಾಲ, ಎಂಬತ್ತರ ಆಸುಪಾಸಿನ ಮಾತು. ಕಾಗವಾಡ ದಾಟಿ ಮಿರಜಕ್ಕ ಬಂದು ರೈಲು ಹತ್ತಿದ್ವಿ. ಎಲ್ಲಾರೂ ಕಿಡಕ್ಯಾಗಿಂದ ಹೊಲಾ, ಗಿಡಾ ನೋಡಿದ್ರ ಇವರು ತಲಿ ಹೊರಗ ಹಾಕಿ ಆಕಾಶ ನೋಡಾಕತ್ತಿದ್ರು. ಎದರಿಗೆ ಕುಂತ ಮುದಕಿ, "ಯಾಕಪಾ, ವಿಮಾನ ಬರೂದೈತೇನು?" ಅಂತ ಕೇಳಿದ್ಲು.

ಮರುದಿನ ಅಕ್ಕ ನಮ್ಮನ್ನ ಹೂವಿನ ಪ್ರದರ್ಶನಕ್ಕ ಕಳಿಸಿದ್ಲು. ಒಳಗ ಕಾಲಿಟ್ರ ಏನ್ ಹೇಳ್ಲಿ ಅವ್ವಾ! ಕಣ್ಣು ಹಾಯೂತನಾ ಹೂವು. ಮೊದಲನೇ ಟೇಬಲ್ಲಿನ ಮ್ಯಾಲ ಪಹಿಲಾ ನಂಬರ್ ಬಂದ ಗುಲಾಬಿ ಗಿಡದ ಕುಂಡ, ಅದಕ್ಕ ಕೆಂಪು ರಿಬ್ಬನ್. ನಾ "ಆಹಾ" ಅನ್ನೂದ್ರೊಳಗ ಇವರು ಅದರ ಎಲಿ ತಿರವಿ ಕಣ್ಣಿಗೆ ಹಚ್ಚಿ ನೋಡಿದ್ರು.

"ಇದಕ್ಕ ಭುರಿ ಬಿದ್ದೈತಿ," ಅಂದ್ರು. ಎಲಿ ಮ್ಯಾಲ ಬೂದಿ ಚೆಲ್ಲಿದಂಗ ಆಗೂ ರೋಗಕ್ಕ ಭುರಿ ಅಂತಾರ. ದ್ರಾಕ್ಷಿಗೂ ಬರತೈತಿ, ಗುಲಾಬಿಗೂ ಬರತೈತಿ.

ಗುಲಾಬಿ ಮಾಲಕಿಣಿ ಚಸಮಾ ಹಾಕ್ಕೊಂಡ ಒಬ್ಬಾಕಿ ಮರಾಠಿ ಬಾಯಿ. ಆಕಿಗೆ ಸಿಟ್ಟು ನೆತ್ತಿಗೇರಿತು. ಇದು ಪಹಿಲಾ ನಂಬರ್ ಐತಿ, ನಿಮಗೇನ್ ತಿಳೀತೈತಿ ಅಂತ ಮರಾಠ್ಯಾಗ ಝಾಡಿಸಿದ್ಲು. ಇವರೂ ನಮ್ಮ ಗಡಿ ಮರಾಠ್ಯಾಗ ಸಮಾಧಾನದಿಂದ ಹೇಳಿದ್ರು: "ನಂಬರ್ ಇರವಲ್ದ್ಯಾಕ ಬಾಯಿ, ಗಂಧಕದ ಪುಡಿ ಹೊಡೀರಿ. ಇಲ್ಲಂದ್ರ ಮುಂದಿನ ವಾರ ರಿಬ್ಬನ್ ಅಷ್ಟ ಉಳೀತೈತಿ."

ಬಾಯಿ ಚಸಮಾ ಒರಸ್ಕೊಂಡು ಎಲಿ ನೋಡಿದ್ಲು. ಮಾರಿ ಸಣ್ಣದಾತು. ಬಾಜೂಕಿನಾಕಿ, "ನಂದೂ ಒಂದೀಟು ನೋಡ್ರಿ," ಅಂದ್ಲು. ಆಕಿ ಬಾಜೂಕಿನಾಕಿ, "ನಮ್ಮ ಮನ್ಯಾಗಿನ ಮಲ್ಲಿಗಿ ಹೂವ ಬಿಡವಲ್ದು ಡಾಕ್ಟರ್ ಸಾಹೇಬ," ಅಂದ್ಲು. ಸಾಹೇಬರು ಅಂತ! ನಮ್ಮ ಸಾಹೇಬರು ಒಂದು ಕುರ್ಚಿ ಎಳಕೊಂಡು ಕುಂತ ಬಿಟ್ರು. ಎದರಿಗೆ ಪುಣೆದ ಹೆಣಮಕ್ಕಳದು ಪಾಳಿ. ನನಗ ಪಾಳಿ ಹಚ್ಚೂ ಕೆಲಸ. ಐದು ಹೊಡೀತು, ವಾಚಮನ್ ಸೀಟಿ ಊದಿದ, ಪ್ರದರ್ಶನ ಬಂದ್.

ಹೊರಗ ಬರೂ ಮುಂದ ಇವರು, "ಮಸ್ತ ಇತ್ತಲಾ?" ಅಂತ ಕೇಳಿದ್ರು. ಸಾವಿರ ಹೂವಿನಾಗ ನಾ ನೋಡಿದ್ದು ಒಂದ ಗುಲಾಬಿ, ಅದೂ ರೋಗದ್ದು.

ನಾವ್ಯಾಗ ಹತ್ತು ಮಿನಿಟು

ಇನ್ನೊಂದು ವರ್ಷ ಪುಣೆದ ಒಂದು ದೊಡ್ಡ ಹೂದ್ವಾಟದಾಗಿನ ಕೆರಿಗೆ ಹೋದ್ವಿ. ನಾವಿಗೆ ಅರ್ಧಾ ತಾಸಿನ ತಿಕೀಟು. ಮುಂಜಾನೆದ ಹೊತ್ತು, ನೀರಿನ ಮ್ಯಾಲ ಮಂಜು ತೇಲಾಕತ್ತಿತ್ತು. ಆಜೂಬಾಜೂ ನಾವ್ಯಾಗಿನ ಜೋಡಿಗಳು ಎಷ್ಟ ಚಂದ ಮಂಜು, ಎಷ್ಟ ಚಂದ ಮಂಜು ಅಂತ ಒಬ್ಬರಿಗೊಬ್ಬರು ಅಂಟಿಕೊಂಡು ಕುಂತಿದ್ರು. ನಮ್ಮನಿಯವರು ದಬಕ್ನ ಎದ್ದು ನಿಂತ್ರು. ನಾವಿ ಹೊಯ್ದಾಡಿತು.

"ತಿರಗಸೋ! ದಂಡಿಗೆ ಹಚ್ಚೋ!"

ಹುಟ್ಟು ಹಾಕಾವಾ ಇವರಿಗೆ ನೀರಂದ್ರ ಅಂಜಿಕಿ ಅಂತ ತಿಳಕೊಂಡು, "ಬುಡಣಾರ ನಾಹಿ ಬಾಬಾ, ಬಸಾ," ಅಂದ. ಮುಳಗೂದಿಲ್ಲ, ಕುಂಡ್ರಪಾ ಅಂತ.

"ನಾ ಯಾಕ ಮುಳಗ್ಲೋ! ನನ್ನ ಪಡಾ ಮುಳಗತೈತಿ!" ಅಂತ ಇವರು ಬಗ್ಗಿ ಕೈಲೇ ನೀರು ತೋಡಿ ನಾವಿ ದೂಡಾಕತ್ರು. ಎಲ್ಲಾ ಜೋಡಿಗಳು ನಮ್ಮನ್ನ ನೋಡೂವು. ನಾ ಸೆರಗು ಮಾರಿಮ್ಯಾಲ ಎಳಕೊಂಡೆ.

ದಂಡಿಗೆ ಇಳದ ಐದು ಮಿನಿಟಿಗೆ ಸೂರ್ಯಾ ಬಂದ, ಮಂಜು ಎಲ್ಲಾ ಹರೀತು. ಇವರ ಮಾರಿ ಅರಳಿತು. "ಏ, ಬಿಸಿಲು ಬಿತ್ತಲೇ! ನಡಿ, ಮತ್ತ ಹತ್ತೂಣು." ಹುಟ್ಟು ಹಾಕಾವಾ ಕೈ ಮುಗದು ಅಂದ: "ಬಾಯಾರನ್ನ ಬೇಕಾದ್ರ ಪುಗಸಟ್ಟೆ ಕರಕೊಂಡು ಹೋಗ್ತೀನ್ರಿ. ನಿಮ್ಮನ್ನಲ್ಲ."

ಎದ್ದು ಹೋಗೂ ಬ್ಯಾನಿ

ಗಾಯನದ್ದು ಕೇಳ್ರಿ. ದೊಡ್ಡ ಮೈದಾನದಾಗ ಮಂಟಪ, ಮುಂಜಾನೆದ ಗಾಯನ, ನೆಲಕ್ಕ ಜಮಖಾನಿ. ನಾ ಸಣ್ಣಾಕಿದ್ದಾಗಿಂದ ರೇಡಿಯೋದಾಗ ಕೇಳಿದ ದೊಡ್ಡ ಗಾಯಕರು ಕಡೀಗೆ ಹಾಡೂದಿತ್ತು. ಈ ಸಲ ಚಿಂತಿಲ್ಲ, ಮ್ಯಾಲ ಮಂಟಪ ಐತಿ, ಇವರಿಗೆ ಆಕಾಶನ ಕಾಣೂದಿಲ್ಲ ಅಂತ ನಾ ಖುಷಿ ಪಟ್ಟಿದ್ದೆ.

ಆಕಾಶ ಕಾಣಲಿಲ್ಲ, ಅದಕ್ಕ ಹತ್ತು ಮಿನಿಟಿಗೊಮ್ಮೆ ಎದ್ದು ಹೊರಗ ನೋಡಿ ಬರಾಕ ಸುರು ಮಾಡಿದ್ರು. ಪಾಳ್ಯಾಗ ಕುಂತವರೆಲ್ಲಾ ಪ್ರತಿ ಸಲ ಕಾಲು ಮಡಚಬೇಕು. ಐದಾರು ಸಲ ಆದ ಮ್ಯಾಲ ನನ್ನ ಬಾಜೂಕ ಕುಂತ ಒಬ್ಬ ಅಜ್ಜ, ಬಾಳ ಮರ್ಯಾದಸ್ಥ, ಮೆತ್ತಗ ಕೇಳಿದ: "ತಾಯಿ, ಯಜಮಾನರಿಗೆ ಈ ತ್ರಾಸು ಎಷ್ಟ ದಿನದಿಂದ ಐತಿ?"

"ಮದವಿ ಆದಾಗಿಂದ ನೋಡಾಕತ್ತೀನ್ರಿ."

"ಅರೆರೆ! ಚಳಿಗಾಲದಾಗ ಜಾಸ್ತಿ ಏನು?"

"ಚಳಿಗಾಲದಾಗ ಬಾಳ ರಿ. ಬ್ಯಾಸಗಿಗೆ ಏನೂ ಇರೂದಿಲ್ಲ."

ಅಜ್ಜ ಲೊಚಗುಟ್ಟಿದ. "ದಿನಾ ಬಾರ್ಲಿ ನೀರು ಕುಡಸವಾ. ನನಗೂ ಇತ್ತು, ಗುಣ ಆತು," ಅಂದ. ಇಡೀ ಪಾಳಿ ಸರದು, ಪಾಪ ಅಂತ, ಇವರಿಗೆ ಬಾಗಲದ ಹಂತ್ಯಾಕ ಜಾಗಾ ಮಾಡಿ ಕೊಟ್ಟಿತು.

ದೊಡ್ಡ ಗಾಯಕರು ಬಂದ್ರು, ತಂಬೂರಿ ಹಚ್ಚಿದ್ರು, ಗಂಟಲಾ ಸರೀ ಮಾಡ್ಕೊಂಡ್ರು. ಆವಾಗ ಬಾಗಲದಾಗಿಂದ ಇವರದು ದನಿ: "ಏ, ಬಾರ ಲಗೂನ! ಮೋಡ ಬಂತು!" ಆ ದನಿ ತಂಬೂರಿಗಿಂತ ಜೋರಿತ್ತು. ನಾ ಎದ್ದೆ.

ದಾರ್‍ಯಾಗ ಕೇಳಿದ್ರು, "ಆ ಅಜ್ಜ ಏನಂತಿದ್ದ?"

"ನಿಮ್ಮ ಬ್ಯಾನಿಗೆ ಬಾರ್ಲಿ ನೀರು ಚಲೋ ಅಂದ."

ನಮ್ಮನಿಯವರು ನಡು ದಾರ್‍ಯಾಗ ನಿಂತ್ರು. ಕಣ್ಣಾಗ ಎಷ್ಟ ಆಶಾ! "ದಾವಣಿಗೇನು? ಹೌದಾ? ಒಂದು ಬ್ಯಾರಲ್ ನೀರಿಗೆ ಎಷ್ಟು ಹಾಕಬೇಕಂತ?"

ಒಮ್ಮೆ ಮಾತ ಕೇಳಿದ್ರು

ಇದನ್ನ ಹೇಳಾಕ ನನಗ ನಗು ಬರೂದಿಲ್ಲ. ಊರ ಮಂದಿ ನಗತಾರಂತ ಹೇಳ್ತೀನಿ.

ತೊಂಬತ್ತು ದಾಟಿತ್ತು. ಅಕ್ಕ ಚುಚ್ಚಿದ್ಲು: "ನಿನ್ನ ಗಂಡಗ ನಿನಗಿಂತ ದ್ರಾಕ್ಷಿನ ಹೆಚ್ಚು." ಈ ಸಲ ಪುಣೆದಾಗ ನಾಕು ದಿನ ಇರಬೇಕು, ಮೋಡ ಅನ್ನೂ ಮಾತು ಬಾಯಾಗಿಂದ ಬಂದ್ರ ನನ್ನ ಮ್ಯಾಲ ಆಣಿ ಅಂತ ಇವರ ಕೈ ನನ್ನ ತಲಿಮ್ಯಾಲ ಇಡಿಸಿಕೊಂಡೆ. ಇವರು ಹೂಂ ಅಂದ್ರು.

ಎರಡನೇ ದಿನ ಜಾತ್ರಿಯಂಥಾ ದೊಡ್ಡ ಪ್ರದರ್ಶನಕ್ಕ ಹೋದ್ವಿ. ಅಂಗಡಿ, ಐಸ್‌ಕ್ರೀಮು, ಗರಗರ ತಿರಗೂ ದೊಡ್ಡ ಪಾಳಣಾ. ಹತ್ತಿದ್ವಿ. ನಮ್ಮ ತೊಟ್ಟಲಾ ಸರೀ ತುದಿಗೆ ಬಂದಾಗ ಕರೆಂಟ್ ಹೋತು. ಪುಣೆ ಎಲ್ಲಾ ಕಾಲ ಕೆಳಗ. ನಾ ಹಿಗ್ಗಿ ಹೀರೀಕಾಯಿ ಆಗಿದ್ದೆ. ಇವರು ಮಾತ್ರ ನಮ್ಮ ಊರ ದಿಕ್ಕಿಗೆ ಮಾರಿ ಮಾಡಿ ಕಂಬಿ ಗಟ್ಟಿ ಹಿಡಕೊಂಡು ಕುಂತಿದ್ರು. ಕಣ್ಣಾಗ ನೀರು.

"ಅಂಜಿಕಿ ಬಂತೇನ್ರಿ?"

"ಹೂಂ."

"ಕಣ್ಣ ಮುಚ್ಚರಿ."

"ಮುಚ್ಚಿದ್ರೂ ಕಾಣತೈತಿ."

ಏನು ಕಾಣತೈತಿ ಅಂತ ನಾ ಕೇಳ್ಲಿಲ್ಲ. ಕೇಳಿದ್ರ ಆಣಿ ಮುರೀತಿದ್ರೋ ಏನೋ. ಮಂದಿ ಕೈಲೇ ಪಾಳಣಾ ತಿರವಿ ನಮ್ಮನ್ನ ಇಳಿಸಿದ್ರು. ಕರೆಂಟ್ ಬರ್ಲಿಲ್ಲ, ಪ್ರದರ್ಶನಾನೂ ಅರ್ಧಕ್ಕ ಬಂದ್ ಆತು. ಇವರು ಮುಂದಿನ ಎರಡೂ ದಿನ ತುಟಿ ಪಿಟಕ್ ಅನ್ಲಿಲ್ಲ. ನಾ ಅಕ್ಕನ ಮುಂದ ಎದಿ ಉಬ್ಬಿಸಿದೆ: "ನೋಡು, ಮಾತು ಕೊಟ್ರ ಹಿಂಗ ನಡಸ್ತಾರ."

ಊರಿಗೆ ಬಂದು ಪಡಾಕ್ಕ ಹೋದ್ರ ಒಂದೂ ಹಸರ ಗೊನಿ ಇಲ್ಲ. ಸುಟ್ಟಂಗ ಕರ್ರಗ. ಕೈ ಹಚ್ಚಿದ್ರ ಹೀಚು ಉದರಿ ಬೀಳಾಕತ್ತುವು. ನಾ ಅಲ್ಲೆ ಮಣ್ಣಾಗ ಕುಂತು ಬಾಯಿ ಬಡಕೊಂಡು ಅತ್ತೆ. ಇವರು ನನಗ ಒಂದ ಮಾತು ಅನ್ಲಿಲ್ಲ. ಬೈದಿದ್ರ ಚಲೋ ಇತ್ತು. ಬಾಜೂಕಿನ ಪಡಾದಾವರು ಬಂದು, ಮೋಡ ಆದಾಗ ಎಲ್ಲಿ ಹೋಗಿದ್ದೋ ಮಾರಾಯಾ ಅಂತ ಕೇಳಿದ್ರ, "ಪಾಳಣಾ ಆಡಾಕ ಹೋಗಿದ್ದೆ," ಅಂದ್ರು.

ಹದಿನೈದು ವರ್ಷದಾಗ ಗಂಡ ನನ್ನ ಮಾತು ಕೇಳಿದ್ದು ಒಂದ ಸಲ. ಆ ಒಂದ ಸಲನ ಕೇಳಬಾರದಿತ್ತು.

ನಾ ಒಬ್ಬಾಕೀನ ಹೋದೆ

ಆಮ್ಯಾಲ ಮೂರು ವರ್ಷ ಪುಣೆದ ಹೆಸರ ಎತ್ಲಿಲ್ಲ. ಅಕ್ಕನ ಕಾರ್ಡ್ ಬಂದ್ರ ಒಲಿಗೆ ಹಾಕ್ತಿದ್ದೆ. ಕಡೀಗೆ ಇವರ ಹೇಳಿದ್ರು: "ನೀ ಒಬ್ಬಾಕಿ ಹೋಗಿ ಬಾ. ಪಡಾ ನಾ ನೋಡ್ಕೋತೀನಿ. ಅಲ್ಲೆ ಸರ್ಕಸ್ ಬಂದೈತಂತ. ಚಂದಂಗಿ ಕಡೀತನಾ ಕುಂತು ನೋಡು." ಮಿರಜತನಾ ಬಂದು ರೈಲು ಹತ್ತಿಸಿದ್ರು. ರೈಲು ಬಿಡೂ ಮುಂದ ನನಗ ಅಳು ಬಂತು.

ಮಧ್ಯಾಹ್ನದ ಆಟ. ಅಕ್ಕ, ನಾನು ಮುಂದಿನ ಪಾಳ್ಯಾಗ. ಜೋಕರ್ ಬಂದ್ರು, ಆನಿ ಬಂದುವು, ಪೋರಿಗೋಳು ಒಂದ ಸೈಕಲ್ಲಿನ ಮ್ಯಾಲ ಹತ್ತು ಮಂದಿ ಹತ್ತಿದ್ರು. ನಾ ಚಪ್ಪಾಳಿ ಹೊಡದು ಹೊಡದು ಅಂಗೈ ಕೆಂಪಗಾತು. ಇನ್ನ ಸಿಂಹ ಬರೂದಿತ್ತು. ಆವಾಗ ತಣ್ಣನ ಗಾಳಿ ಬಂತು. ಅಕ್ಕ, "ಎಷ್ಟ ಚಂದ ಥಂಡಿ ಹವಾ ಬಿಟ್ಟೈತಿ ನೋಡ," ಅಂದ್ಲು.

ತಂಬೂದ ಅಂಚು ಗಾಳಿಗೆ ಹಾರಿತು. ಹೊರಗ ಕರೀ ಮೋಡ. ನೋಡಬಾರದು, ನೋಡಬಾರದು ಅಂತ ಸಿಂಹದ ಪಂಜರದ ಕಡೆ ಕಣ್ಣು ನಟ್ಟೆ. ಪಂಜರದಾಗೂ ಕರೀ ಗೊನಿ ಕಂಡಂಗಾತು. ಎದ್ದ ಬಿಟ್ಟೆ.

"ಹುಚ್ಚೀ, ಪುಣೆದ ಮೋಡ ಪುಣೆದಾಗ ಇರತೈತಿ, ಕುಂಡ್ರ!" ಅಂತ ಅಕ್ಕ ಸೆರಗು ಜಗ್ಗಿದ್ಲು.

"ಮೋಡಕ್ಕೇನ್ ಗಡಿ ಐತೇನಕ್ಕ?" ಅಂದೆ. ಬಾಯಿ ನಂದು, ಮಾತು ಥೇಟ್ ನಮ್ಮನಿಯವರದು.

ಓಡಿ ಎಸ್‌ಟಿಡಿ ಬೂತಿಗೆ ಹೋದೆ. ನಮ್ಮ ಓಣ್ಯಾಗ ಫೋನ್ ಇದ್ದದ್ದು ಕಿರಾಣಿ ಅಂಗಡ್ಯಾಗ. ಅಂಗಡ್ಯಾವಾ ಅಂದ: "ಅಣ್ಣಾರು ಮನ್ಯಾಗ ಇಲ್ರಿ ವೈನಿ. ಪಡಾದಾಗೂ ಇಲ್ಲ. ಮುಂಜಾನಿಂದ ಯಾರಿಗೂ ಕಂಡಿಲ್ಲ."

"ಅಲ್ಲೆ ಮೋಡ ಆಗೈತೇನ್ರಿ?" ಅನ್ನೂದ್ರಾಗ ಫೋನ್ ಕಟ್ಟಾತು. ಮತ್ತ ಹಚ್ಚಿದ್ರ ಹತ್ತಲಿಲ್ಲ.

ಸಿಕ್ಕ ರೈಲು ಹತ್ತಿದೆ. ಮಿರಜ ಬರೂತನಾ ನನ್ನ ಜೀವದಾಗ ಜೀವ ಇಲ್ಲ. ಪಡಾ ಮತ್ತ ಹೋತು, ಈ ಸಲ ತಡಕೊಳ್ಳಾಕ ಆಗಲಾರದ ಇವರು ಏನರ ಮಾಡ್ಕೊಂಡ್ರು, ನಾ ಸರ್ಕಸ್ ನೋಡಾಕ ಹೋದ ರಂಡಿ ಅಂತ ನನಗ ನಾನ ಬೈಕೊಂಡೆ. ಅವರು ಉಳದ್ರ ಸಾಕು, ಇನ್ನ ಜನ್ಮದಾಗ ಏನೂ ನೋಡೂದಿಲ್ಲ ಅಂತ ದೇವರಿಗೆ ಹೇಳಿಕೊಂಡೆ.

ಮರುದಿನ ಮುಂಜಾನೆ ಬಸ್ಸಿಳದು ಕಾಲಾಗ ಚಪ್ಪಲಿ ಐತೋ ಇಲ್ಲೋ ನೋಡಲಾರದ ಪಡಾಕ್ಕ ಓಡಿದೆ. ಸ್ವಚ್ಛ ಆಕಾಶ, ಎಳಿ ಬಿಸಿಲು. ಗೊನಿಗಳು ಹಸರಗ ಮುತ್ತಿನಂಗ. ಬಾಂವಿ ಹಂತ್ಯಾಕ ಹೊರಸಿನ ಮ್ಯಾಲ ನಮ್ಮನಿಯವರು ಬಸೀದಾಗ ಚಾ ಹಾಕ್ಕೊಂಡು ಸುರ್ರ್ ಅಂತ ಕುಡ್ಯಾಕತ್ತಿದ್ರು. ರುಮಾಲಿನ ಮ್ಯಾಲೆಲ್ಲಾ ಗುಲಾಲ.

"ನಿನ್ನೆ ಎಲ್ಲಿಗೆ ಹೋಗಿದ್ರಿ?" ಅಂದೆ.

"ಅಥಣ್ಯಾಗ ಕುಸ್ತಿ ಇದ್ದುವು. ಮೋಡ ಇಲ್ಲ, ಮಂಜಿಲ್ಲ, ನೀನೂ ಇಲ್ಲ. ಹೋದೆ. ಏನ್ ಕುಸ್ತಿ ಅಂತೀ! ಮೊದಲನೇ ಜೋಡಿಯಿಂದ ಕಡೀ ಜೋಡಿ ಬಿಡೂತನಾ ಕುಂತ ಜಾಗಾ ಬಿಟ್ಟು ಎದ್ದಿಲ್ಲ ನೋಡು. ಅಲ್ಲ, ನೀ ಯಾಕ ಇಷ್ಟ ಲಗೂನ ಬಂದಿ? ಸರ್ಕಸ್ ಹೆಂಗಿತ್ತು?"

"ಸಿಂಹ ಬರೂದ್ರಾಗ ಎದ್ದ ಬಂದೆ."

ನಮ್ಮನಿಯವರು ಬಸಿ ಕೆಳಗಿಟ್ರು. ಮೀಸಿಗೆ ಹತ್ತಿದ ಚಾ ಒರಸ್ಕೊಂಡ್ರು. ನನ್ನ ಮಾರಿ ನೋಡಿ ಬಾಳ ಕನಿಕರದಿಂದ ತಲಿ ಅಳ್ಳಾಡಿಸಿದ್ರು.

"ಇದ ನೋಡು ನಿಂದು ಖೋಡಿ. ಮದವಿ ಆದಾಗಿಂದ ನೋಡಾಕತ್ತೀನಿ, ಪುಣೆಕ್ಕ ಹೋದಾಗ ಯಾವುದರ ಒಂದು ಕಾರ್ಯಕ್ರಮ ಕಡೀತನಾ ಕುಂತು ನೋಡೀಯೇನು ನೀ?"